ಮಿಂಚುಳ್ಳಿಗೆ ಮೀನಿನಷ್ಟೇ ಮಣ್ಣೂ ಬೇಕು: ಕೆರೆಯಂಚಿನಲ್ಲಿ ಹಕ್ಕಿ ನೋಡುವವರಿಗೆ ಒಂದು ಕೈಪಿಡಿ

ನಮ್ಮ ಕೆರೆ ಹೊಳೆಗಳಲ್ಲಿ ಮೀನು ತಿಂದು ಬದುಕುವ ಹಕ್ಕಿಗಳು ಬಹಳ. ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ, ಹೆಜ್ಜಾರ್ಲೆ ಇವೆಲ್ಲ ಮರದ ಮೇಲೆ ಕಡ್ಡಿ ಜೋಡಿಸಿ ಗೂಡು ಕಟ್ಟುತ್ತವೆ. ಅದೇ ನೀರಿನ ಮೀನು ತಿನ್ನುವ ಮಿಂಚುಳ್ಳಿ ಮಾತ್ರ ಕಡಿದಾದ ಮಣ್ಣಿನ ಗೋಡೆಯನ್ನು, ಅಂದರೆ ಧರೆಯನ್ನು, ಕೊಕ್ಕಿನಿಂದ ಕೊರೆದು ನೆಲದೊಳಗೆ ಮರಿ ಮಾಡುತ್ತದೆ. ಹಾಗಾಗಿ ಕೆರೆಯಲ್ಲಿ ಮೀನು ಎಷ್ಟೇ ಇರಲಿ, ಹತ್ತಿರದಲ್ಲಿ ಕೊರೆಯಲು ಮಣ್ಣಿನ ಧರೆ ಸಿಗದಿದ್ದರೆ ಅದು ಉಂಡು ಹೋಗುತ್ತದೆಯೇ ಹೊರತು ಸಂಸಾರ ಹೂಡುವುದಿಲ್ಲ. ಮಿಂಚುಳ್ಳಿಯ ಫೋಟೋ ತೆಗೆಯುವವರು ಸಾವಿರಾರು ಮಂದಿ ಇದ್ದಾರೆ. ಆ ಧರೆಯ ಕಡೆ ತಿರುಗಿ ನೋಡುವವರು ಕಡಿಮೆ. ಈ ಲೇಖನ ಎರಡನ್ನೂ ನೋಡಲು ಕಲಿಸುವ ಪ್ರಯತ್ನ. ಮನೆಯ ಹತ್ತಿರ ಒಂದು ಕೆರೆ, ಕಾಲುವೆ ಅಥವಾ ಹಳ್ಳ ಇದ್ದರೆ ಸಾಕು. ದುಬಾರಿ ಕ್ಯಾಮೆರಾ ಬೇಡ. 8x42 ಅಳತೆಯ ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಒಂದು ನೋಟ್‌ಬುಕ್ಕು ಮತ್ತು ಒಂದೇ ಜಾಗದಲ್ಲಿ ಒಂದು ಗಂಟೆ ಕೂರುವ ಮನಸ್ಸು ಮಾತ್ರ ಕಡ್ಡಾಯ.

ಮೊದಲು, ಯಾವ ಮಿಂಚುಳ್ಳಿ ಎಂದು ಗುರುತಿಸಿ

ಜಗತ್ತಿನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಿಂಚುಳ್ಳಿಗಳಿವೆ. ಬಯಲುಸೀಮೆಯ ಕೆರೆಯಲ್ಲಿ ನಿಮಗೆ ಪದೇ ಪದೇ ಸಿಗುವವು ಮೂರು. ಈ ಮೂರನ್ನು ತಪ್ಪಿಲ್ಲದೆ ಗುರುತಿಸಲು ಬಂದರೆ ಉಳಿದವುಗಳ ವಿಷಯ ಆಮೇಲೆ ತಾನಾಗಿ ಬರುತ್ತದೆ.

ಎಲ್ಲರ ಕಣ್ಣಿಗೂ ಬೀಳುವುದು ಬಿಳಿಕೊರಳ ಮಿಂಚುಳ್ಳಿ. ಮೈನಾಗಿಂತ ದೊಡ್ಡದು. ಕಂದು ತಲೆ, ಗಂಟಲಿನಿಂದ ಎದೆಯವರೆಗೆ ಅಚ್ಚ ಬಿಳುಪು, ಬೆನ್ನು ರೆಕ್ಕೆಗಳು ನೀಲಿ, ದಪ್ಪ ಕೆಂಪು ಕೊಕ್ಕು. ಇದು ಕರೆಂಟು ತಂತಿಯ ಮೇಲೆ, ತೆಂಗಿನ ಗರಿಯ ಮೇಲೆ, ನೀರೇ ಇಲ್ಲದ ಹೊಲದ ಬೇಲಿಯ ಮೇಲೆಯೂ ಕೂತಿರುತ್ತದೆ. ಮೀನು ಸಿಕ್ಕರೆ ಮೀನು, ಇಲ್ಲದಿದ್ದರೆ ಮಿಡತೆ, ಹಲ್ಲಿ, ಏಡಿ, ಕಪ್ಪೆ, ಒಮ್ಮೊಮ್ಮೆ ಇಲಿಮರಿ. ಅನೇಕರು ಇದನ್ನೇ ನೀಲಕಂಠ ಎಂದುಕೊಳ್ಳುತ್ತಾರೆ. ನಮ್ಮ ರಾಜ್ಯಪಕ್ಷಿ ನೀಲಕಂಠದ ಕೊಕ್ಕು ಕಪ್ಪು, ಎದೆ ಕಂದು. ಬಿಳಿ ಎದೆ, ಕೆಂಪು ಕೊಕ್ಕು ಕಂಡರೆ ಅದು ಮಿಂಚುಳ್ಳಿಯೇ. ಪಶ್ಚಿಮ ಬಂಗಾಳ ಇದನ್ನು ತನ್ನ ರಾಜ್ಯಪಕ್ಷಿಯಾಗಿ ಆರಿಸಿಕೊಂಡಿದೆ.

ಎರಡನೆಯದು ಕಿರು ಮಿಂಚುಳ್ಳಿ. ಗುಬ್ಬಿಗಿಂತ ಚೂರು ದೊಡ್ಡದು ಅಷ್ಟೆ. ಹೊಟ್ಟೆ ಕಿತ್ತಳೆ, ಬೆನ್ನು ಹೊಳೆಯುವ ನೀಲಿ, ಕುತ್ತಿಗೆಯ ಪಕ್ಕದಲ್ಲಿ ಬಿಳಿ ಮಚ್ಚೆ. ಇದು ಹೆಚ್ಚಾಗಿ ಕಾಣುವುದು ಹಾರಿಹೋಗುವಾಗ, ನೀರಿನ ಮಟ್ಟಕ್ಕೆ ತಾಗುವಂತೆ ನೇರವಾಗಿ ಸಾಗುವ ಒಂದು ನೀಲಿ ಗೆರೆಯಾಗಿ. ಹಾರುವ ಮುನ್ನ ಅಥವಾ ಹಾರುತ್ತಲೇ ‘ಚೀ... ಚೀ’ ಎಂಬ ಸಣ್ಣ ಚೂಪು ದನಿ ಹೊರಡಿಸುತ್ತದೆ. ಆ ದನಿಯನ್ನು ಕಿವಿಗೆ ಹತ್ತಿಸಿಕೊಳ್ಳಿ. ಕಣ್ಣಿಗಿಂತ ಮೊದಲು ಕಿವಿಯೇ ಈ ಹಕ್ಕಿಯನ್ನು ಹಿಡಿಯುತ್ತದೆ.

ಮೂರನೆಯದು ನನ್ನ ಮೆಚ್ಚಿನದು: ಕಪ್ಪು-ಬಿಳಿ ಮಿಂಚುಳ್ಳಿ. ಮೈಮೇಲೆ ಎಳ್ಳಷ್ಟೂ ನೀಲಿ ಇಲ್ಲ. ತಲೆಯ ಹಿಂದೆ ಕೆದರಿದ ಜುಟ್ಟು, ಉದ್ದನೆಯ ಕಪ್ಪು ಕೊಕ್ಕು. ನೀರಿನ ಮೇಲೆ ಗಾಳಿಯಲ್ಲೇ ನಿಂತು, ರೆಕ್ಕೆ ಬಡಿಯುತ್ತಾ, ಕೊಕ್ಕನ್ನು ನೇರ ಕೆಳಗೆ ಮಾಡಿ ನೋಡುವ ಹಕ್ಕಿ ಕಂಡರೆ ಬೇರೆ ಗುರುತು ಹುಡುಕಬೇಕಾಗಿಲ್ಲ.

ಮಲೆನಾಡು ಮತ್ತು ಕರಾವಳಿಯವರಿಗೆ ಇನ್ನೂ ಕೆಲವು ಸಿಗುತ್ತವೆ. ದಾಂಡೇಲಿ, ಗಣೇಶಗುಡಿ ಕಡೆ ಕಾಳಿ ನದಿಯ ನೆರಳಿನಲ್ಲಿ ಕೂರುವ ಹೆಮ್ಮಿಂಚುಳ್ಳಿಯ ಕೆಂಪು ಕೊಕ್ಕು ಅದರ ದೇಹಕ್ಕೆ ಅತಿಯಾಯಿತೇನೋ ಎನ್ನುವಷ್ಟು ದೊಡ್ಡದು. ಕಾವೇರಿ ದಂಡೆಯ ರಂಗನತಿಟ್ಟಿನಲ್ಲಿಯೂ ಇದನ್ನು ನೋಡಬಹುದು. ಚಳಿಗಾಲದಲ್ಲಿ ಕರಾವಳಿಯ ಹಿನ್ನೀರಿನ ಬದಿಯಲ್ಲಿ ಕರಿತಲೆಯ ಮಿಂಚುಳ್ಳಿ, ಮುಂಗಾರಿನಲ್ಲಿ ಪಶ್ಚಿಮಘಟ್ಟದ ತಪ್ಪಲಿನ ತೊರೆಗಳಲ್ಲಿ ಕಾಲಿಗೆ ಮೂರೇ ಬೆರಳಿರುವ ಕುಬ್ಜ ಮಿಂಚುಳ್ಳಿ. ಈ ಕುಬ್ಜ ಮಿಂಚುಳ್ಳಿ ಮುಖ್ಯವಾಗಿ ಹುಳುಹುಪ್ಪಟೆ, ಸಣ್ಣ ಕಪ್ಪೆ, ಹಲ್ಲಿಗಳನ್ನು ತಿನ್ನುವುದರಿಂದ ನಮ್ಮ ಇಂದಿನ ವಿಷಯಕ್ಕೆ ಹೊರಗಿನದು. ಆದರೂ ಅದಕ್ಕೂ ಬೇಕಾದದ್ದು ಧರೆಯೇ.

ನೀರನ್ನಲ್ಲ, ಹಿಕ್ಕೆಯನ್ನು ಹುಡುಕಿ

ಹೊಸಬರು ಕೆರೆ ಸುತ್ತುತ್ತಾರೆ. ಸುತ್ತಿದಷ್ಟೂ ಹಕ್ಕಿ ಮುಂದೆ ಮುಂದೆ ಹಾರುತ್ತದೆ. ಮಿಂಚುಳ್ಳಿ ಮನಸ್ಸಿಗೆ ಬಂದಲ್ಲಿ ಕೂರುವ ಹಕ್ಕಿಯಲ್ಲ. ಅದಕ್ಕೆ ಗೊತ್ತಾದ ಗೂಟಗಳಿರುತ್ತವೆ, ದಿನವೂ ಅಲ್ಲಿಗೇ ಬರುತ್ತದೆ. ಆದ್ದರಿಂದ ಮೊದಲ ದಿನ ಹಕ್ಕಿಯನ್ನು ಬಿಟ್ಟು ಅದರ ಕೂರುವ ಜಾಗವನ್ನು ಹುಡುಕಿ.

ನೀರಿನ ಮೇಲೆ ಬಾಗಿದ ಒಣಕೊಂಬೆ, ಮೀನುಗಾರರು ಬಲೆ ಕಟ್ಟಲು ನೆಟ್ಟ ಗೂಟ, ತೂಬಿನ ಕಲ್ಲು, ಕೋಡಿಯ ಅಂಚು, ಜೊಂಡಿನ ಗಟ್ಟಿ ಕಡ್ಡಿ ಇವುಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಕೆಳಗೆ ಸುಣ್ಣ ಚೆಲ್ಲಿದಂತೆ ಬಿಳಿ ಹಿಕ್ಕೆಯ ಗೆರೆಗಳಿದ್ದರೆ, ಗೂಟದ ಮೇಲೆ ಮೀನಿನ ಹುರುಪೆ ಒಣಗಿ ಮಿನುಗುತ್ತಿದ್ದರೆ, ಅದು ಬಳಕೆಯಲ್ಲಿರುವ ಜಾಗ. ನೀರುಕಾಗೆಯ ಹಿಕ್ಕೆಯೂ ಬಿಳಿಯೇ, ಆದರೆ ಅದು ಬಕೆಟ್ಟಿನಿಂದ ಸುರಿದಷ್ಟು ಇರುತ್ತದೆ. ಮಿಂಚುಳ್ಳಿಯದು ತೆಳು ಗೆರೆ. ಕಿರು ಮಿಂಚುಳ್ಳಿಯ ಗೂಟ ಸಾಮಾನ್ಯವಾಗಿ ನೀರಿಗೆ ತೀರ ಹತ್ತಿರ, ಒಂದೆರಡು ಮೀಟರ್ ಎತ್ತರದೊಳಗೆ ಇರುತ್ತದೆ.

ಇಂತಹ ಎರಡು ಮೂರು ಗೂಟ ಸಿಕ್ಕ ಮೇಲೆ, ಸೂರ್ಯ ನಿಮ್ಮ ಬೆನ್ನಿಗೆ ಬರುವಂತೆ, ಮೂವತ್ತು ನಲವತ್ತು ಮೀಟರ್ ದೂರದಲ್ಲಿ ನೆರಳಿರುವ ಕಡೆ ಕೂರಿ. ಹೊಂಗೆ ಮರದ ಬುಡ ಇದಕ್ಕೆ ಬಹಳ ಅನುಕೂಲ. ಮಣ್ಣಿನ ಬಣ್ಣದ ಅಥವಾ ಮಾಸಲು ಹಸಿರು ಬಟ್ಟೆ ಹಾಕಿಕೊಳ್ಳಿ, ಬಿಳಿ ಬೇಡ. ನಿಂತವರನ್ನು ಹಕ್ಕಿ ಸಹಿಸುವುದಿಲ್ಲ, ಕೂತವರನ್ನು ಕೆಲಹೊತ್ತಿನ ನಂತರ ಮರೆಯುತ್ತದೆ. ಬೆಳಗ್ಗೆ ಆರೂವರೆಯಿಂದ ಒಂಬತ್ತೂವರೆವರೆಗಿನ ಹೊತ್ತು ಉತ್ತಮ. ಗಾಳಿ ಎದ್ದು ನೀರು ಕದಡಿದ ಮೇಲೆ ಬೇಟೆ ಕಷ್ಟವಾಗುತ್ತದೆ. ಮಳೆ ಬಂದು ಕೆಂಪು ನೀರು ಹರಿದು ಸೇರಿದ ದಿನಗಳಲ್ಲಿ ದೊಡ್ಡ ಕೆರೆ ಬಿಟ್ಟು ತಿಳಿನೀರಿನ ಸಣ್ಣ ಹೊಂಡ, ಬಾವಿ, ಮೀನುಮರಿ ಸಾಕುವ ತೊಟ್ಟಿಗಳ ಕಡೆ ನೋಡಿ. ಹಕ್ಕಿಯೂ ಅಲ್ಲಿಗೇ ಹೋಗಿರುತ್ತದೆ.

ಬೇಟೆಯನ್ನು ತುಂಡು ತುಂಡಾಗಿ ನೋಡಿ

ಮೊದಲ ಸಲ ನೋಡುವಾಗ ‘ಮುಳುಗಿತು, ಎದ್ದಿತು’ ಎನ್ನುವುದಕ್ಕಿಂತ ಹೆಚ್ಚು ಏನೂ ಕಾಣುವುದಿಲ್ಲ. ಎಲ್ಲವೂ ಒಂದೆರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಆದ್ದರಿಂದ ಒಂದೊಂದು ಸಲ ಒಂದೊಂದು ಭಾಗಕ್ಕೆ ಮಾತ್ರ ಗಮನ ಕೊಡಿ.

ಒಂದು ಸಲ ತಲೆಯನ್ನು ಮಾತ್ರ ನೋಡಿ. ಗೂಟದ ಮೇಲೆ ಕೂತ ಕಿರು ಮಿಂಚುಳ್ಳಿ ದೇಹವನ್ನು ಅಲುಗಿಸದೆ ತಲೆಯನ್ನು ಮೇಲೆ ಕೆಳಗೆ ಕುಣಿಸುತ್ತದೆ. ದೂರ ಅಳೆಯುವ ಕೆಲಸ ಅದು. ನೀರಿನೊಳಗಿನ ಮೀನು ಓರೆಯಾಗಿ ನೋಡಿದವರಿಗೆ ಇರುವ ಜಾಗಕ್ಕಿಂತ ಮೇಲೆ ಕಾಣುತ್ತದೆ, ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದೇ ಕಾರಣ. ಕಂಡಲ್ಲಿಗೇ ಎರಗಿದರೆ ಕೊಕ್ಕಿಗೆ ನೀರು ಮಾತ್ರ ಸಿಕ್ಕೀತು. ಮಿಂಚುಳ್ಳಿ ಈ ವ್ಯತ್ಯಾಸವನ್ನು ಸರಿಪಡಿಸಿಕೊಂಡೇ ಎರಗುತ್ತದೆ. ಅದರ ಕಣ್ಣಿನ ಪರದೆಯಲ್ಲಿ ಅತಿ ಸ್ಪಷ್ಟವಾಗಿ ಕಾಣುವ ಬಿಂದುಗಳು ಎರಡಿವೆ, ನಮಗಿರುವುದು ಒಂದೇ. ಕಪ್ಪು-ಬಿಳಿ ಮಿಂಚುಳ್ಳಿ ಇದೇ ಸಮಸ್ಯೆಗೆ ಬೇರೆ ದಾರಿ ಹಿಡಿದಿದೆ. ಮೀನಿನ ನೆತ್ತಿಯ ಮೇಲೆಯೇ ಗಾಳಿಯಲ್ಲಿ ನಿಂತರೆ ಮೀನು ಪಕ್ಕಕ್ಕೆ ಸರಿದಂತೆ ಕಾಣುವುದಿಲ್ಲ, ಆಳ ಮಾತ್ರ ಕಡಿಮೆ ಕಾಣುತ್ತದೆ.

ಇನ್ನೊಂದು ಸಲ ನೀರಿಗೆ ಬೀಳುವ ಕ್ಷಣವನ್ನು ನೋಡಿ. ರೆಕ್ಕೆಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ. ಕಣ್ಣಿಗೆ ಒಂದು ಪೊರೆ ಅಡ್ಡ ಬರುತ್ತದೆ, ಅಂದರೆ ಕೊನೆಯ ಗಳಿಗೆಯಲ್ಲಿ ಹಕ್ಕಿ ಹೆಚ್ಚುಕಡಿಮೆ ಕುರುಡು. ಕೊಕ್ಕಿಗೆ ಮೀನು ತಾಗುತ್ತಲೇ ಕೊಕ್ಕು ಮುಚ್ಚುತ್ತದೆ. ಇಷ್ಟು ವೇಗದಲ್ಲಿ ಬಿದ್ದರೂ ನೀರು ಹೆಚ್ಚು ಚಿಮ್ಮುವುದಿಲ್ಲ. ಕೊಕ್ಕಿನ ತುದಿ ಚೂಪಾಗಿದ್ದು, ಹಿಂದೆ ಹಿಂದೆ ನಿಧಾನವಾಗಿ ದಪ್ಪವಾಗುವುದರಿಂದ ನೀರು ಬದಿಗೆ ಜಾರುತ್ತದೆ. ಜಪಾನಿನ ಬುಲೆಟ್ ರೈಲು ಸುರಂಗದಿಂದ ಹೊರಬರುವಾಗ ಸಿಡಿಲಿನಂತಹ ಸದ್ದು ಮಾಡುತ್ತಿತ್ತು. ಹಕ್ಕಿ ನೋಡುವ ಹವ್ಯಾಸವಿದ್ದ ಎಂಜಿನಿಯರ್ ಐಜಿ ನಕತ್ಸು ಅವರ ತಂಡ 500 ಸರಣಿಯ ರೈಲಿನ ಮೂತಿಗೆ ಮಿಂಚುಳ್ಳಿಯ ಕೊಕ್ಕಿನ ಆಕಾರವನ್ನು ಮಾದರಿಯಾಗಿ ತೆಗೆದುಕೊಂಡಿತು. 1997ರಲ್ಲಿ ಆ ರೈಲು ಓಡತೊಡಗಿತು.

ಮೂರನೆಯ ಭಾಗ ಗೂಟದ ಮೇಲೆ ನಡೆಯುವುದು. ದುರ್ಬೀನು ಇದ್ದರೆ ಇದನ್ನು ಬಿಡಬೇಡಿ. ಹಕ್ಕಿ ಮೀನನ್ನು ಬಾಲದ ಕಡೆ ಅಡ್ಡ ಹಿಡಿದು ಬರುತ್ತದೆ. ಕೂತ ತಕ್ಷಣ ನುಂಗುವುದಿಲ್ಲ. ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿ ಮೀನಿನ ತಲೆಯನ್ನು ಗೂಟಕ್ಕೆ ಬಡಿಯುತ್ತದೆ. ಸಾಸಲು ಮೀನಾದರೆ ಎರಡು ಮೂರು ಏಟು ಸಾಕು. ಬೆನ್ನಿನ ರೆಕ್ಕೆಯಲ್ಲಿ ಮುಳ್ಳಿರುವ ಜಿಲೇಬಿ ಮೀನಾದರೆ ಏಟಿನ ಮೇಲೆ ಏಟು. ಹಾಗೆ ಬಡಿದಾಗ ಮೀನು ಸಾಯುವುದರ ಜೊತೆಗೆ ನಿಗುರಿದ ಮುಳ್ಳುಗಳೂ ಸಡಿಲಾಗುತ್ತವೆ. ಆಮೇಲೆ ಕೊಕ್ಕಿನ ಅಂಚಿನಲ್ಲಿ ಮೀನನ್ನು ಸ್ವಲ್ಪ ಸ್ವಲ್ಪವೇ ಜರುಗಿಸಿ, ತಲೆ ಗಂಟಲಿನ ಕಡೆ ಬರುವಂತೆ ತಿರುಗಿಸುತ್ತದೆ. ಹುರುಪೆ, ಮುಳ್ಳು ಎಲ್ಲವೂ ಮೀನಿನ ಬಾಲದ ಕಡೆಗೆ ವಾಲಿರುವುದರಿಂದ ತಲೆ ಮೊದಲು ಹೋದರೆ ಗಂಟಲು ಗೀರುವುದಿಲ್ಲ. ಒಂದೆರಡು ಗುಟುಕಿನಲ್ಲಿ ಮೀನು ಮಾಯ. ಕೊನೆಗೆ ಕೊಕ್ಕನ್ನು ಗೂಟಕ್ಕೆ ಒರೆಸಿಕೊಳ್ಳುತ್ತದೆ.

ಒಂದು ಸಂಗತಿಯನ್ನು ಮರೆಯದೆ ಗಮನಿಸಿ. ಬಡಿದ ಮೇಲೆ ಮೀನಿನ ತಲೆ ಹಕ್ಕಿಯ ಗಂಟಲಿನ ಕಡೆಗಿದ್ದರೆ ಊಟ ತನಗೆ. ಮೀನಿನ ತಲೆ ಹೊರಗೆ ಚಾಚಿದ್ದರೆ ಅದು ಬೇರೆಯವರಿಗೆ, ಜೊತೆಗಾತಿಗೆ ಇಲ್ಲವೇ ಮರಿಗೆ. ಹಾಗೆ ತಲೆ ಹೊರಗೆ ಮಾಡಿ ಹಿಡಿದ ಮೀನಿನೊಂದಿಗೆ ಹಾರುವ ಹಕ್ಕಿ ಎತ್ತ ಹೋಯಿತು ಎಂದು ದಿಕ್ಕನ್ನು ಬರೆದುಕೊಳ್ಳಿ. ಗೂಡಿನ ದಾರಿ ಅದು.

ಕಪ್ಪು-ಬಿಳಿ ಮಿಂಚುಳ್ಳಿ ಸಣ್ಣ ಮೀನಾದರೆ ಗೂಟಕ್ಕೆ ಮರಳದೆ ಹಾರುತ್ತಲೇ ನುಂಗಬಲ್ಲದು. ಗೂಟದ ಹಂಗು ಇಲ್ಲದ್ದರಿಂದ ದಂಡೆಯಿಂದ ಬಹುದೂರ, ಕಬಿನಿ, ಭದ್ರಾದಂತಹ ಜಲಾಶಯಗಳ ವಿಶಾಲ ನೀರಿನ ಮೇಲೂ ಅದು ಬೇಟೆಯಾಡುತ್ತದೆ. ಗಾಳಿಯಲ್ಲಿ ನಿಲ್ಲುವುದಕ್ಕೆ ಶಕ್ತಿ ವಿಪರೀತ ಖರ್ಚಾಗುತ್ತದೆ. ಆದರೂ ಬೇರೆ ಮಿಂಚುಳ್ಳಿಗಳಿಗೆ ಎಟುಕದ ಮೀನು ಅದಕ್ಕೆ ಎಟುಕುತ್ತದೆ. ಎಷ್ಟು ಸಲ ನಿಂತಿತು, ಎಷ್ಟು ಸಲ ಎರಗಿತು, ಎಷ್ಟು ಸಲ ಮೀನು ಸಿಕ್ಕಿತು ಎಂದು ಅರ್ಧ ಗಂಟೆ ಗೀಟು ಹಾಕುತ್ತಾ ಕೂರಿ. ಗಾಳಿ ಇರುವ ದಿನ, ಇಲ್ಲದ ದಿನ ಎರಡರ ಲೆಕ್ಕವನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ನಿಮ್ಮ ಕೆರೆಯ ಬಗ್ಗೆ ಯಾರೂ ಬರೆಯದ ಮಾಹಿತಿ ನಿಮ್ಮ ಕೈಯಲ್ಲಿರುತ್ತದೆ.

ಉಗುಳಿದ ಉಂಡೆಯನ್ನು ಬಿಡಿಸುವುದು

ಮಿಂಚುಳ್ಳಿ ಮೀನನ್ನು ಇಡಿಯಾಗಿ ನುಂಗುತ್ತದೆ, ಅರಗದ ಮೂಳೆ ಮತ್ತು ಹುರುಪೆಯನ್ನು ಉಂಡೆ ಮಾಡಿ ಬಾಯಿಂದ ಹೊರಹಾಕುತ್ತದೆ. ಗೂಟದ ಬುಡದಲ್ಲಿ ನೆಲವಿದ್ದರೆ ಅಲ್ಲಿ ಹುಡುಕಿ. ಬೂದು ಬಿಳುಪಿನ, ಮುಟ್ಟಿದರೆ ಉದುರುವ, ಬೆರಳಿನ ತುದಿಗಿಂತ ಚಿಕ್ಕ ಉಂಡೆಗಳು ಸಿಕ್ಕಾವು. ಕಾಗದದ ಪೊಟ್ಟಣದಲ್ಲಿ ತನ್ನಿ. ಬರಿಗೈಯಲ್ಲಿ ಮುಟ್ಟಬೇಡಿ, ಕೈಗವಸು ಇರಲಿ.

ಮನೆಗೆ ಬಂದ ಮೇಲೆ ಬಿಳಿ ತಟ್ಟೆಯಲ್ಲಿ ಉಗುರುಬೆಚ್ಚನೆಯ ನೀರು ಹಾಕಿ, ಉಂಡೆಯನ್ನು ಅದರಲ್ಲಿ ನೆನೆಯಲು ಬಿಡಿ. ತಾನಾಗಿ ಬಿಚ್ಚಿಕೊಳ್ಳುತ್ತದೆ. ಚಿಮಟದಿಂದ ಒಂದೊಂದೇ ಎತ್ತಿ ಕಪ್ಪು ಕಾಗದದ ಮೇಲಿಡಿ. ಬೆನ್ನುಮೂಳೆಯ ಮಣಿಗಳು, ದವಡೆಯ ಚೂರುಗಳು, ಪಾರದರ್ಶಕ ಹುರುಪೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಬಿಳಿಕೊರಳ ಮಿಂಚುಳ್ಳಿಯ ಉಂಡೆಯಾದರೆ ಜೀರುಂಡೆಯ ಹೊಳೆಯುವ ಚಿಪ್ಪು, ಏಡಿಯ ಕೊಂಡಿ ಸಿಗುವುದೇ ಹೆಚ್ಚು. ಶಾಲಾ ಮಕ್ಕಳಿಗೆ ಇದನ್ನು ಮಾಡಿಸಿ ನೋಡಿ. ಆಹಾರ ಸರಪಳಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ತಿಳಿದಿಲ್ಲ. ಕೆಲಸ ಮುಗಿದ ಮೇಲೆ ಎಲ್ಲರೂ ಸಾಬೂನು ಹಚ್ಚಿ ಕೈ ತೊಳೆಯಲಿ.

ಗರಿ ಬಿದ್ದಿದ್ದು ಸಿಕ್ಕರೆ ಅಲ್ಲೇ ಎತ್ತಿ ಸೂರ್ಯನಿಗೆ ಅಡ್ಡ ಹಿಡಿದು ನೋಡಿ. ನೀಲಿ ಅಡಗಿ ಮಂಕು ಕಂದು ಉಳಿಯುತ್ತದೆ. ಕಿತ್ತಳೆ ಗರಿಯಲ್ಲಿ ನಿಜವಾದ ಬಣ್ಣದ ಕಣಗಳಿವೆ. ನೀಲಿಯಲ್ಲಿ ನೀಲಿ ಬಣ್ಣದ ಕಣವೇ ಇಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ಸ್ಪಂಜಿನಂತಹ ರಚನೆ ನೀಲಿ ಬೆಳಕನ್ನು ಮಾತ್ರ ಚೆದುರಿಸಿ ಹಿಂದಕ್ಕೆ ಕಳುಹಿಸುತ್ತದೆ. ಆ ನೀಲಿ ಮಾಸುವುದಿಲ್ಲ ಎಂಬ ಕಾರಣಕ್ಕೇ ಚೀನಾದಲ್ಲಿ ಶತಮಾನಗಳ ಕಾಲ ಮಿಂಚುಳ್ಳಿಯ ಗರಿಯನ್ನು ಆಭರಣಗಳಿಗೆ ಅಂಟಿಸುತ್ತಿದ್ದರು, ಅದಕ್ಕಾಗಿ ಲೆಕ್ಕವಿಲ್ಲದಷ್ಟು ಹಕ್ಕಿಗಳು ಸತ್ತವು. ನೋಡಿದ ಗರಿಯನ್ನು ಅಲ್ಲೇ ಬಿಟ್ಟು ಬನ್ನಿ.

ಗಂಡೋ ಹೆಣ್ಣೋ, ಜೋಡಿಯೋ ಒಂಟಿಯೋ

ಬಿಳಿಕೊರಳ ಮಿಂಚುಳ್ಳಿಯಲ್ಲಿ ನೋಟದಿಂದ ಗಂಡು ಹೆಣ್ಣು ಹೇಳಲಾಗದು. ಕಿರು ಮಿಂಚುಳ್ಳಿಯಲ್ಲಿ ಸುಲಭ: ಗಂಡಿನ ಕೊಕ್ಕು ಪೂರ್ತಿ ಕಪ್ಪು, ಹೆಣ್ಣಿನ ಕೆಳಕೊಕ್ಕು ಕೆಂಪು ಮಿಶ್ರಿತ ಕಿತ್ತಳೆ. ಕಪ್ಪು-ಬಿಳಿಯದರಲ್ಲಿ ಎದೆಯನ್ನು ನೋಡಿ. ಗಂಡಿಗೆ ಎರಡು ಕಪ್ಪು ಪಟ್ಟಿ, ಹೆಣ್ಣಿಗೆ ನಡುವೆ ತುಂಡಾದ ಒಂದೇ ಪಟ್ಟಿ.

ಇದು ಗೊತ್ತಾದರೆ ಮುಂದಿನ ನೋಟಕ್ಕೆಲ್ಲ ಅರ್ಥ ಬರುತ್ತದೆ. ಕಿರು ಮಿಂಚುಳ್ಳಿ ವರ್ಷದ ಬಹುಭಾಗ ಒಂಟಿ. ದಂಡೆಯ ಒಂದು ಭಾಗವನ್ನು ತನ್ನದೆಂದು ಕಾಯುತ್ತದೆ, ಸಂತಾನದ ಕಾಲವಲ್ಲದಿದ್ದರೆ ತನ್ನ ಜೋಡಿಯನ್ನೂ ಒಳಗೆ ಬಿಡುವುದಿಲ್ಲ. ಆದ್ದರಿಂದ ಒಂದೇ ಗೂಟದ ಮೇಲೆ ಕಿತ್ತಳೆ ಕೆಳಕೊಕ್ಕಿನದಕ್ಕೆ ಕಪ್ಪು ಕೊಕ್ಕಿನದು ಮೀನು ತಿನ್ನಿಸುವುದನ್ನು ಕಂಡ ದಿನ ದಿನಾಂಕ ಬರೆದಿಡಿ. ಆ ದಂಡೆಯಲ್ಲಿ ಮರಿ ಮಾಡುವ ಕಾಲ ಶುರುವಾಗಿದೆ ಎಂದರ್ಥ. ಬಿಳಿಕೊರಳ ಮಿಂಚುಳ್ಳಿ ಬೇಸಿಗೆ ಹತ್ತಿರವಾದಂತೆ ಮರದ ತುದಿ, ಟವರಿನ ತಲೆಯಂತಹ ಎತ್ತರದ ಜಾಗದಲ್ಲಿ ಕೂತು ಬೆಳಗ್ಗೆ ಬೆಳಗ್ಗೆ ಇಳಿದನಿಯಲ್ಲಿ ಉದ್ದಕ್ಕೆ ಕೂಗುತ್ತದೆ, ನಡುನಡುವೆ ರೆಕ್ಕೆ ಬಿಚ್ಚಿ ಅದರೊಳಗಿನ ಬಿಳಿ ಮಚ್ಚೆಯನ್ನು ತೋರಿಸುತ್ತದೆ. ಈ ಹಕ್ಕಿ ಮರಿ ಮಾಡುವುದು ಹೆಚ್ಚಾಗಿ ಬೇಸಿಗೆಯಿಂದ ಮುಂಗಾರಿನ ಮೊದಲ ತಿಂಗಳುಗಳವರೆಗೆ. ಕಪ್ಪು-ಬಿಳಿಯದಕ್ಕೆ ಚಳಿಗಾಲ ಮತ್ತು ಬೇಸಿಗೆ ಅನುಕೂಲ. ಆಗ ಹೊಳೆ ಇಳಿದು ಧರೆ ತೆರೆದುಕೊಂಡಿರುತ್ತದೆ, ನೀರು ತಿಳಿಯಾಗಿರುತ್ತದೆ.

ಕಪ್ಪು-ಬಿಳಿ ಮಿಂಚುಳ್ಳಿಯ ಸಂಸಾರದ ಬಗ್ಗೆ ಆಫ್ರಿಕಾದಲ್ಲಿ ಬಹಳ ಸೊಗಸಾದ ಅಧ್ಯಯನ ನಡೆದಿದೆ. ಹೈನ್ಸ್-ಉಲ್ರಿಷ್ ರೇಯರ್ ಎಂಬ ವಿಜ್ಞಾನಿ ಕೀನ್ಯಾದ ವಿಕ್ಟೋರಿಯಾ ಮತ್ತು ನೈವಾಶಾ ಸರೋವರಗಳಲ್ಲಿ ಇವುಗಳನ್ನು ಗಮನಿಸಿದರು. ಹಿಂದಿನ ಸಲ ಹುಟ್ಟಿದ ಗಂಡುಮಕ್ಕಳು ತಂದೆತಾಯಿಯ ಜೊತೆ ಉಳಿದು ತಮ್ಮತಂಗಿಯರಿಗೆ ಮೀನು ತರುತ್ತವೆ. ಇದಲ್ಲದೆ ಸಂಬಂಧವೇ ಇಲ್ಲದ ಗಂಡುಗಳೂ ಸಹಾಯಕ್ಕೆ ಬರುತ್ತವೆ. ಮೀನು ಹಿಡಿಯುವುದು ಕಷ್ಟವಾದ ವಿಕ್ಟೋರಿಯಾದಲ್ಲಿ ಅಂತಹ ಪರಕೀಯರನ್ನು ಜೋಡಿ ಸೇರಿಸಿಕೊಳ್ಳುತ್ತದೆ. ಮೀನು ಸುಲಭವಾಗಿ ಸಿಗುವ ನೈವಾಶಾದಲ್ಲಿ ಓಡಿಸಿಬಿಡುತ್ತದೆ. ನಿಮ್ಮ ಕೆರೆಯಲ್ಲಿ ಒಂದೇ ಧರೆಗೆ ಎರಡಕ್ಕಿಂತ ಹೆಚ್ಚು ಕಪ್ಪು-ಬಿಳಿ ಹಕ್ಕಿಗಳು ಮೀನು ಹೊತ್ತು ಬರುತ್ತಿದ್ದರೆ, ಪ್ರತಿಯೊಂದರ ಎದೆಪಟ್ಟಿಯನ್ನು ಎಣಿಸಿ ಬರೆಯಿರಿ.

ಧರೆಯ ಬಿಲವನ್ನು ಓದುವುದು, ದೂರದಿಂದ

ಮಿಂಚುಳ್ಳಿಯ ಕಾಲು ಬಲು ಸಣ್ಣದು, ಮುಂದಿನ ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ನಡೆಯಲು ಬಾರದು, ಮಣ್ಣು ಹೊರದಬ್ಬಲು ಮಾತ್ರ ಅದು ಹೇಳಿ ಮಾಡಿಸಿದ ಕಾಲು. ಮೊದಮೊದಲು ಗಂಡು ಹೆಣ್ಣು ಎರಡೂ ಹಾರಿ ಬಂದು ಧರೆಗೆ ಕೊಕ್ಕು ಕುಟ್ಟುತ್ತವೆ. ನಿಲ್ಲುವಷ್ಟು ಗುಳಿ ಬಿದ್ದ ಮೇಲೆ ಸರದಿಯಲ್ಲಿ ಒಳಹೊಕ್ಕು ಕೊರೆಯುತ್ತವೆ, ಸಡಿಲಾದ ಮಣ್ಣನ್ನು ಕಾಲಿನಿಂದ ಹಿಂದಕ್ಕೆ ತಳ್ಳುತ್ತವೆ. ಕಿರು ಮಿಂಚುಳ್ಳಿಯ ಬಿಲ ಸಾಮಾನ್ಯವಾಗಿ ಅರ್ಧ ಮೀಟರಿನಿಂದ ಒಂದು ಮೀಟರ್ ಉದ್ದ, ಕಪ್ಪು-ಬಿಳಿಯದು ಅದಕ್ಕಿಂತ ಉದ್ದ. ಬಿಲ ಒಳಗೆ ಹೋದಂತೆ ತುಸು ಮೇಲಕ್ಕೇರುತ್ತದೆ, ನೀರು ನುಗ್ಗದಿರಲಿ ಎಂದು. ಕೊನೆಯಲ್ಲಿ ಒಂದು ದುಂಡನೆಯ ಕೋಣೆ. ಮೊಟ್ಟೆ ಅಚ್ಚ ಬಿಳಿ, ಹೆಚ್ಚುಕಡಿಮೆ ಗುಂಡಗೆ. ಕತ್ತಲಲ್ಲಿರುವ ಮೊಟ್ಟೆಗೆ ಮರೆಮಾಚುವ ಬಣ್ಣ ಬೇಕಿಲ್ಲ.

ಬಳಕೆಯಲ್ಲಿರುವ ಬಿಲವನ್ನು ದುರ್ಬೀನಿನಿಂದಲೇ ಗುರುತಿಸಬಹುದು. ಬಾಯಿಯ ಕೆಳಅಂಚಿನಲ್ಲಿ ಎರಡು ಸಮಾನಾಂತರ ಗೀರುಗಳಿದ್ದರೆ ಅವು ಹಕ್ಕಿಯ ಎರಡು ಕಾಲು ಸವೆಸಿದ ದಾರಿ. ಜೇಡರಬಲೆ ಕಟ್ಟಿದ್ದರೆ ಖಾಲಿ. ಜೇನುಹಿಡುಕ ಎಂಬ ಹಕ್ಕಿಗಳೂ ಇಂತಹದೇ ಬಿಲ ಕೊರೆಯುತ್ತವೆ, ಅಲ್ಲಿಯೂ ಗೀರುಗಳಿರುತ್ತವೆ. ಬಾಯಿಯಿಂದ ಬಿಳಿ ರಸ ಸೋರಿದ ಕಲೆ, ಗಾಳಿ ನಿಮ್ಮತ್ತ ಬೀಸಿದಾಗ ಮೀನಿನ ಕೊಳಕು ವಾಸನೆ ಇದ್ದರೆ ಒಳಗಿರುವುದು ಮಿಂಚುಳ್ಳಿಯ ಮರಿಗಳೇ. ಇನ್ನೂ ಖಚಿತವಾದ ಗುರುತು ಒಂದಿದೆ: ಬಿಲದಿಂದ ಹೊರಬಂದ ಕಿರು ಮಿಂಚುಳ್ಳಿ ಮೀನಿನ ಆಸೆಯಿಲ್ಲದೆ ಎರಡು ಮೂರು ಸಲ ನೀರಿಗೆ ಧುಮುಕಿ ಮೈ ತೊಳೆದುಕೊಳ್ಳುತ್ತದೆ. ಒಳಗೆ ಮರಿಗಳು, ಮೂಳೆಗಳು, ಹಿಕ್ಕೆ ಎಲ್ಲ ತುಂಬಿರುವಾಗ ಮೈ ಹೊಲಸಾಗದೆ ಹೊರಬರಲು ಆಗುವುದಿಲ್ಲ. ಮರಿಗಳು ಗರಿಯ ಕೊಳವೆಗಳು ಬಿಚ್ಚಿಕೊಳ್ಳುವವರೆಗೆ ಮುಳ್ಳು ಹೊದ್ದಂತೆ ಕಾಣುತ್ತವೆ, ಮೂರು ನಾಲ್ಕು ವಾರ ಆ ಕತ್ತಲಲ್ಲೇ ಬೆಳೆಯುತ್ತವೆ.

ಇಲ್ಲಿ ಕೆಲವು ಮಾತುಗಳನ್ನು ಬಿಗಿಯಾಗಿ ಹೇಳಬೇಕು. ಬಿಲದೊಳಗೆ ಕಡ್ಡಿ ಹಾಕಬೇಡಿ, ಟಾರ್ಚು ಬಿಡಬೇಡಿ, ಮೊಬೈಲ್ ತೂರಿಸಬೇಡಿ. ಬಿಲದ ಎದುರು ಕೂರಬೇಡಿ, ಧರೆಯ ನೆತ್ತಿಯ ಮೇಲೆ ನಡೆಯಬೇಡಿ. ಒದ್ದೆ ಮಣ್ಣು ಕುಸಿದರೆ ಒಂದು ಸಂಸಾರವೇ ಹೂತುಹೋಗುತ್ತದೆ. ಹಕ್ಕಿ ಮೀನಿನ ತಲೆ ಹೊರಗೆ ಮಾಡಿ ಹಿಡಿದು ಹತ್ತಿರದ ಗೂಟದ ಮೇಲೆ ಕೂತಲ್ಲೇ ಕೂತು ಕೂಗುತ್ತಿದ್ದರೆ, ನೀವು ಇರುವುದೇ ಅದಕ್ಕೆ ಅಡ್ಡಿ. ತಕ್ಷಣ ಎದ್ದು ದೂರ ಹೋಗಿ. ತೊಟ್ಟಿಯಲ್ಲಿ ಮೀನುಮರಿ ಬಿಟ್ಟು ಫೋಟೋಗಾಗಿ ಹಕ್ಕಿಯನ್ನು ಇಳಿಸುವುದು, ಮೊಬೈಲಿನಿಂದ ಅದರ ಕೂಗನ್ನು ಹಾಕಿ ಕರೆಯುವುದು ಎರಡೂ ಹಿಂಸೆಯೇ. ಗೂಡಿನ ಜಾಗವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಶಿಕ್ಷಾರ್ಹ ಅಪರಾಧ.

ಏನು ಬರೆದಿಡಬೇಕು

ದಿನಾಂಕ, ಸಮಯ, ಹವೆ, ನೀರಿನ ಮಟ್ಟ, ನೀರು ತಿಳಿಯೋ ಕದಡೋ. ಯಾವ ಮಿಂಚುಳ್ಳಿ ಎಷ್ಟು, ಗಂಡೋ ಹೆಣ್ಣೋ, ಯಾವ ಗೂಟ. ಎರಗಿದ್ದೆಷ್ಟು, ಸಿಕ್ಕಿದ್ದೆಷ್ಟು. ಕೆರೆಯ ಕೈನಕ್ಷೆ ಬರೆದು ಗೂಟಗಳಿಗೆ ಒಂದೊಂದು ಅಂಕಿ ಕೊಟ್ಟುಕೊಂಡರೆ ಬರೆಯುವುದು ಹಗುರ. ಹಕ್ಕಿ ನೋಡುವವರ ಪಟ್ಟಿಗಳನ್ನು ಕೂಡಿಡುವ ಇ-ಬರ್ಡ್ ಜಾಲತಾಣದಲ್ಲಿ ನಿಮ್ಮ ಪಟ್ಟಿಯನ್ನು ಸೇರಿಸಿದರೆ ಬೇರೆಯವರಿಗೂ ಉಪಯೋಗವಾಗುತ್ತದೆ. ಗೂಡಿನ ವಿವರವನ್ನು ಮಾತ್ರ ನಿಮ್ಮ ಪುಸ್ತಕದಲ್ಲೇ ಇಟ್ಟುಕೊಳ್ಳಿ.

ಒಂದು ವರ್ಷದ ಟಿಪ್ಪಣಿ ಕೈಯಲ್ಲಿದ್ದರೆ ಕೆರೆಯ ಆರೋಗ್ಯವನ್ನು ಅದರಲ್ಲಿ ಓದಬಹುದು. ಕಿರು ಮಿಂಚುಳ್ಳಿ ಮತ್ತು ಕಪ್ಪು-ಬಿಳಿಯದು ಕಣ್ಣಿಗೆ ಕಂಡ ಮೀನನ್ನೇ ಹಿಡಿಯಬೇಕು. ಕೊಳಚೆ ಸೇರಿ ನೀರು ಕಪ್ಪಾದರೆ, ಅಂತರಗಂಗೆ ಮೇಲ್ಮೈಯನ್ನೆಲ್ಲ ಮುಚ್ಚಿದರೆ ಇವೆರಡೂ ಮೊದಲು ಕಾಣೆಯಾಗುತ್ತವೆ. ಹುಳುಹುಪ್ಪಟೆಯಲ್ಲೂ ಹೊಟ್ಟೆ ಹೊರೆಯಬಲ್ಲ ಬಿಳಿಕೊರಳ ಮಿಂಚುಳ್ಳಿ ಮಾತ್ರ ತಂತಿಯ ಮೇಲೆ ಉಳಿದಿರುತ್ತದೆ. ‘ನಮ್ಮ ಕೆರೆಯಲ್ಲಿ ಮಿಂಚುಳ್ಳಿ ಇದೆಯಲ್ಲ’ ಎಂದು ಸಮಾಧಾನ ಪಡುವವರು ಯಾವ ಮಿಂಚುಳ್ಳಿ ಎಂದು ಕೇಳಿಕೊಳ್ಳಬೇಕು.

ಕೆರೆ ಅಭಿವೃದ್ಧಿಯ ಸಭೆಗೆ ಹೋದಾಗ

ಮೊದಲ ಸಾಲಿನಿಂದಲೂ ನಾನು ಹೇಳಬೇಕೆಂದಿದ್ದುದು ಇಲ್ಲಿದೆ. ಕೆರೆಯ ಏರಿಯ ಒಳಮೈಗೆ ಕಲ್ಲು ಹೊದಿಸುವುದು ಹಳೆಯ ಪದ್ಧತಿ, ಏರಿ ಉಳಿಯಬೇಕಾದರೆ ಅದು ಬೇಕು. ಆದರೆ ಹಿಂದೆ ಕೆರೆಗೆ ಬರುವ ಕಾಲುವೆ, ಹಳ್ಳದ ಕೊರಕಲು, ಹಿನ್ನೀರಿನ ಅಂಚು, ತೋಟದ ತೆರೆದ ಬಾವಿಯ ಒಳಗೋಡೆ ಇವೆಲ್ಲ ಮಣ್ಣಿನವೇ ಆಗಿದ್ದವು. ಮಿಂಚುಳ್ಳಿಗಳು ಗೂಡು ಕೊರೆಯುತ್ತಿದ್ದುದು ಅಲ್ಲಿ. ಈಗ ಕೆರೆಯ ಸುತ್ತಲೂ ಕಾಂಕ್ರೀಟು, ವಾಕಿಂಗ್ ಪಾತು, ಕಾಲುವೆಗೆ ಎರಡೂ ಬದಿ ಗೋಡೆ. ಬಾವಿಗಳು ಮುಚ್ಚಿಹೋಗಿವೆ. ಹೂಳೆತ್ತಿ ನೀರು ತುಂಬಿಸಿ ಮೀನು ಬಿಟ್ಟರೂ ಕೊರೆಯಲು ಮಣ್ಣಿಲ್ಲ.

ಗ್ರಾಮ ಪಂಚಾಯಿತಿ ಅಥವಾ ನಗರಸಭೆ ಕೆರೆ ಕೆಲಸದ ಯೋಜನೆ ತಂದಾಗ ನಿಮ್ಮ ನೋಟ್‌ಬುಕ್ಕು ಮತ್ತು ಕೈನಕ್ಷೆ ಹಿಡಿದು ಹೋಗಿ. ಭಾಷಣ ಬೇಡ, ನಿರ್ದಿಷ್ಟವಾದ ಬೇಡಿಕೆ ಇಡಿ. ಏರಿಯನ್ನು ಮುಟ್ಟದೆ, ನೀರು ಬರುವ ಕಡೆ ಹತ್ತಿಪ್ಪತ್ತು ಮೀಟರ್ ಉದ್ದದ ಧರೆಯನ್ನು ಹಾಗೆಯೇ ಬಿಡುವಂತೆ ಕೇಳಿ. ಅದರ ಎದುರು ಜನ ಓಡಾಡುವ ದಾರಿ ಬಾರದಿರಲಿ. ನೀರಿನಲ್ಲಿ ನಿಂತ ಒಣಮರವನ್ನು ಕಡಿಯದಿರಲಿ, ಅದು ಇಲ್ಲದಿದ್ದರೆ ನಾಲ್ಕಾರು ಗೂಟ ನೆಡಲಿ. ಹರಿದ ನೈಲಾನ್ ಬಲೆಯನ್ನು ದಂಡೆಯಲ್ಲಿ ಬಿಡದಂತೆ ಮೀನುಗಾರರ ಜೊತೆ ಮಾತಾಡಿ, ಅದರಲ್ಲಿ ಸಿಕ್ಕಿಕೊಂಡು ಹಕ್ಕಿಗಳು ಸಾಯುತ್ತವೆ. ಜೆಸಿಬಿ ಕೆಲಸ ಶುರುವಾಗುವ ಮುನ್ನ ಧರೆಯಲ್ಲಿ ಬಳಕೆಯಲ್ಲಿರುವ ಬಿಲಗಳಿದ್ದರೆ ತೋರಿಸಿ, ಮರಿಗಳು ಹಾರುವವರೆಗೆ ಆ ಭಾಗದ ಕೆಲಸವನ್ನು ಮುಂದೂಡಲು ಬರವಣಿಗೆಯಲ್ಲಿ ಮನವಿ ಕೊಡಿ.

ಧರೆಯೇ ಉಳಿದಿಲ್ಲದ ಕೆರೆಯಲ್ಲಿ ಹೊಸದಾಗಿ ಮಾಡಲೂಬಹುದು. ಯುರೋಪಿನಲ್ಲಿ ಮಿಂಚುಳ್ಳಿಗಳಿಗಾಗಿ ಇಂತಹ ಮಣ್ಣುಗೋಡೆಗಳನ್ನು ಕಟ್ಟುತ್ತಾರೆ. ಹೂಳೆತ್ತಿದ ಮಣ್ಣಿನಲ್ಲಿ ಕಲ್ಲು, ಬೇರು ಆರಿಸಿ ತೆಗೆದು, ಮರಳು ಸೇರಿಸಿ, ನೀರಿನ ಅಂಚಿನಲ್ಲಿ ಆರೇಳು ಅಡಿ ಎತ್ತರದ ದಿಬ್ಬ ಮಾಡಿ ಚೆನ್ನಾಗಿ ದಮ್ಮಸು ಮಾಡಿ. ಒಂದು ಮಳೆಗಾಲ ಕೂರಲು ಬಿಡಿ. ಆಮೇಲೆ ನೀರಿನ ಕಡೆಯ ಮುಖವನ್ನು ನೇರವಾಗಿ, ಬುಡಕ್ಕಿಂತ ನೆತ್ತಿ ತುಸು ಮುಂದೆ ಚಾಚುವಂತೆ ಕಡಿಯಿರಿ. ಹಾವು, ಉಡ, ಮುಂಗುಸಿ ಸುಲಭವಾಗಿ ಹತ್ತಬಾರದು. ತುಂಬಿದ ಕೆರೆಯ ನೀರಿನ ಮಟ್ಟದಿಂದ ಮೇಲೆ ಕನಿಷ್ಠ ನಾಲ್ಕಡಿ ಧರೆ ಉಳಿಯಬೇಕು, ಇಲ್ಲದಿದ್ದರೆ ಕೋಡಿ ಬಿದ್ದ ವರ್ಷ ಬಿಲಗಳು ಮುಳುಗುತ್ತವೆ. ಮುಖದ ಮೇಲೆ ಹುಲ್ಲು, ಬಳ್ಳಿ ಹಬ್ಬಿದರೆ ಹಕ್ಕಿ ಬರುವುದಿಲ್ಲ. ಪ್ರತಿವರ್ಷ ಹಿಂಗಾರು ಮುಗಿದ ಮೇಲೆ, ಬಿಲಗಳು ಖಾಲಿ ಇವೆ ಎಂದು ನಾಲ್ಕಾರು ದಿನ ದೂರದಿಂದ ನೋಡಿ ಖಚಿತಪಡಿಸಿಕೊಂಡು, ಧರೆಯ ಮುಖವನ್ನು ಸಲಿಕೆಯಿಂದ ಒಂದು ಗೇಣು ಸವರಿ ಹೊಸದು ಮಾಡಿ.